ದಾರ ಕಟ್ಟಿದ ಪೆನ್ಸಿಲ್

ಗ್ರಿಮ್ಸ್‌ಬಿಯ ಮೆಥಡಿಸ್ಟ್ ಸಭಾಂಗಣಕ್ಕೆ
ಇರುವುದು ಎರಡೇ ಮೆಟ್ಟಿಲು.
ಎರಡೇ ತಾನೇ, ಅನ್ನುತ್ತಿದ್ದೆವು ಎಲ್ಲರೂ,
ಹತ್ತಬಲ್ಲವರು.

ಹೋದ ಸಲ ಫ್ರೇಯಾ ತನ್ನ ಗಾಲಿಕುರ್ಚಿಯಲ್ಲಿ
ಆ ಎರಡರ ಕೆಳಗೆ, ಜಿಟಿಜಿಟಿ ಹನಿಯಲ್ಲಿ,
ತೊಡೆಯ ಮೇಲೊಂದು ರಟ್ಟು ಇಟ್ಟುಕೊಂಡು
ಬೀದಿಯಲ್ಲೇ ಗುರುತು ಹಾಕಿದ್ದಳು.
ನಾಯಿ ಹಿಡಿದು ಹೋಗುತ್ತಿದ್ದವನೊಬ್ಬ
ನಿಂತು, ಬಗ್ಗಿ ನೋಡಿ, ಒಳ್ಳೆಯದಾಗಲಿ ಅಂದ.
ಮತದಾನ ಗುಪ್ತ.
ಮಳೆಗೆ ಗೊತ್ತಿತ್ತು, ನಾಯಿಗೂ ಗೊತ್ತಿತ್ತು.

ಈ ಸಲ ಬೆಳಿಗ್ಗೆ ಆರಕ್ಕೇ ಬಂದು
ಮೌರೀನ್ ಆ ಕಡೆ, ನಾನು ಈ ಕಡೆ ಹಿಡಿದು
ಇಳಿಜಾರು ಹಲಗೆ ಎಳೆದು ತಂದು ಹಾಸಿದೆವು.
ಏನು ಭಾರ ಅಂತೀರಿ, ಸೊಂಟ ಹಿಡಿಯಿತು.
ಪ್ರಜಾಪ್ರಭುತ್ವಕ್ಕೆ ಇಷ್ಟು ತೂಕವಿದೆಯೆಂದು
ನಮ್ಮ ಸಮಾಜ ಪಾಠದಲ್ಲಿ ಬರೆದಿರಲಿಲ್ಲ.
ಏಳಕ್ಕೆ ಬಾಗಿಲು ತೆರೆದದ್ದೇ ತಡ,
ಫ್ರೇಯಾ ಸರ್ರನೆ ಏರಿ ಬಂದು
"ತಡವಾಯ್ತು" ಎಂದಳು.
ನಮಗೆ ಹೇಳಿದಳೋ, ಹಲಗೆಗೋ.

ಹನ್ನೊಂದರ ಸುಮಾರಿಗೆ ವಾಲ್ಟರ್ ಬ್ಲಾಂಚರ್ಡ್ ಬಂದರು.
ಬಿಳಿ ಕೋಲು. ಗುಂಡಿ ಒಂದು ಮನೆ ತಪ್ಪಿ ಹಾಕಿದ ಅಂಗಿ.
ಬಸ್ ಪಾಸು ತೋರಿಸಿದರು. ಅದರ ಮೇಲಿನ ಮುಖ
ತಮ್ಮದೇ ಎಂದು ಜನ ಹೇಳುತ್ತಾರಂತೆ.
ನಲವತ್ತೊಂದು ವರ್ಷ ಎನಿಡ್ ಜೊತೆಗಿರುತ್ತಿದ್ದರು:
ಜೊತೆಗಾರರ ಅರ್ಜಿಗೆ ಸಹಿ ಹಾಕಿ,
ಇವರ ಪಿಸುಮಾತಿಗೆ ಕಿವಿ ಕೊಟ್ಟು,
ಎರಡೂ ಚೀಟಿಗೆ ಒಂದೇ ಕೈಯಲ್ಲಿ ಗುರುತು.
ಫೆಬ್ರವರಿಯಲ್ಲಿ ಹೋದರು.

ನಾನು ಮುಟ್ಟಿ ಓದುವ ಪಟ್ಟಿ ತಂದೆ.
ಚೀಟಿಯ ಮೇಲೆ ಅಂಟುವ ಪ್ಲಾಸ್ಟಿಕ್,
ಸಾಲಿಗೊಂದು ಪುಟ್ಟ ಮುಚ್ಚಳ,
ಮುಚ್ಚಳದ ಬೆನ್ನಿಗೆ ಉಬ್ಬಿದ ಅಂಕಿ.
ಹೆಸರು ಓದಿ ಹೇಳಬೇಕಾದವಳು ನಾನು.
ಹಿಂದಿನ ರಾತ್ರಿ ಕನ್ನಡಿಯ ಮುಂದೆ ಉರುಹೊಡೆದಿದ್ದೆ,
ಆದರೂ ಹಾಸನದ ನಾಲಿಗೆ
ನಾಲ್ಕನೆಯ ಹೆಸರಿನ ಮೇಲೆ ಮುಗ್ಗರಿಸಿತು.
"ಅದು ಅವರಮ್ಮನಿಗೂ ಬರದು, ಮುಂದೆ ಹೋಗಮ್ಮ" ಅಂದರು.
ಒಂದೇ ದನಿಯಲ್ಲಿ ಓದಿದೆ, ಯಾರ ಹೆಸರಿಗೂ
ಒಂದು ಹರಳು ಸಕ್ಕರೆ ಬೀಳದಂತೆ,
ಉಪ್ಪೂ.

ಆಮೇಲೆ ದೂರ ಸರಿದೆ.
ಮೀನಿನ ದಕ್ಕೆಯಲ್ಲಿ ಹ್ಯಾಡಕ್ಕಿನ ಮುಳ್ಳು ಬಿಡಿಸಿದ ಬೆರಳು,
ಕಣ್ಣಿದ್ದಾಗಲೂ ಕಣ್ಣನ್ನು ನಂಬದಿದ್ದ ಬೆರಳು,
ಅಂಕಿಗಳ ಮೇಲೆ ಒಮ್ಮೆ ಇಳಿಯಿತು, ಒಮ್ಮೆ ಏರಿತು.
ನಾನು ಗಡಿಯಾರ ನೋಡಿದೆ, ಚಾವಣಿ ನೋಡಿದೆ.
ಭಾನುವಾರದ ಮಕ್ಕಳು ಗೋಡೆಗೆ ಬರೆದ ನೋಹನ ಹಡಗಿನಲ್ಲಿ
ಜಿರಾಫೆ ಮಾತ್ರ ಒಂದೇ ಇತ್ತು,
ಬಣ್ಣ ಸಾಲದೇ ಹೋಯಿತೇನೋ.
ಎಲ್ಲೋ ಒಂದು ಮುಚ್ಚಳ ಟಿಕ್ಕೆಂದಿತು.
ಪೆನ್ಸಿಲ್ಲಿಗೆ ಕಟ್ಟಿದ ದಾರ ಬಿಗಿಯಾಯಿತು,
ಸಡಿಲಾಯಿತು.

ಪೆಟ್ಟಿಗೆಯ ಬಾಯಿ ತಡವಿ, ಮಡಿಸಿದ ಚೀಟಿ ಹಾಕಿ,
ಅಲ್ಲೇ ನಿಂತರು. ಹಿಂದೆ ಮೂವರು ಕಾಯುತ್ತಿದ್ದರು.
ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ಬಾಯಿಬಿಟ್ಟು.
"ಇಷ್ಟು ವರ್ಷ ಎನಿಡ್
ನಾನು ಹೇಳಿದವನಿಗೇ ಹಾಕಿದಳೋ ಇಲ್ಲವೋ!
ನಮ್ಮವನ ಮೀಸೆ ಅವಳಿಗೆ ಆಗಿಬರುತ್ತಿರಲಿಲ್ಲ."
ಸಾಲಿನಲ್ಲಿದ್ದವರೂ ನಕ್ಕರು.
"ಇವತ್ತಿನದು ನನಗೆ ಗೊತ್ತು" ಅಂದರು,
ಕೋಲು ಹುಡುಕುತ್ತ,
"ಅವಳಿಗೇ ಗೊತ್ತಿಲ್ಲ."
ಯಾರೂ ನಗಲಿಲ್ಲ.

ನಮ್ಮೂರಲ್ಲಾದರೆ ಬೆರಳಿಗೆ ಮಸಿಯಿರುತ್ತಿತ್ತು,
ಸಂಜೆತನಕ ಕಂಡಕಂಡವರಿಗೆ ತೋರಿಸಬಹುದಿತ್ತು.
ಇಲ್ಲಿ ಬರಿಗೈಯಲ್ಲೇ ಮನೆಗೆ.
ಹಲಗೆಯ ಮೇಲೆ ಅವರ ಕೋಲು ಟಕಟಕ ಇಳಿಯಿತು;
ಮೆಟ್ಟಿಲೆಲ್ಲಿ ಹೋಯಿತೆಂದು ಕೇಳಿದಂತಿತ್ತು.

ಒರೆಸಿಡಲೆಂದು ಪಟ್ಟಿ ಕೈಗೆತ್ತಿಕೊಂಡೆ.
ಒಂದೂ ತೆರೆದಿರಲಿಲ್ಲ.
ಪ್ರತಿ ಮುಚ್ಚಳವನ್ನೂ ಒತ್ತಿ ಮುಚ್ಚಿ
ಹೋಗಿದ್ದರು.